ನೈಟ್ ಪದದ ಮೂಲದಲ್ಲಿ ಕುದುರೆಯಿಲ್ಲ

ಮಧ್ಯಯುಗದ ಯುರೋಪಿನ ಸವಾರ ಯೋಧನನ್ನು ಸೂಚಿಸುವ ನೈಟ್ (knight) ಎಂಬ ಇಂಗ್ಲಿಷ್ ಪದಕ್ಕೆ ಮೊದಲಿನಿಂದಲೂ ಕುದುರೆ ಸವಾರನೆಂಬ ಅರ್ಥವೇ ಇತ್ತೆಂದು ಈ ಪದದ ಕುರಿತ ಬರಹವೊಂದರ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪುವುದು ಕಷ್ಟ. ಇದೇ ಅರ್ಥದ ಫ್ರೆಂಚಿನ ಶೆವಾಲಿಯೆ ಕುದುರೆಯಿಂದಲೂ ಜರ್ಮನ್ನಿನ ರಿಟರ್ ಸವಾರಿಯಿಂದಲೂ ಹುಟ್ಟಿದ ಪದಗಳೆಂಬುದು ನಿಜ. ಆದರೆ ಹಳೆಯ ಇಂಗ್ಲಿಷಿನಲ್ಲಿ ನೈಟ್ ಪದದ ರೂಪವಾಗಿದ್ದ 'ಕ್ನಿಹ್ಟ್' ಎಂದರೆ ಹುಡುಗ ಅಥವಾ ಆಳು, ಅಷ್ಟೇ. ಆ ಕಾಲದ ಸುವಾರ್ತೆಗಳ ಅನುವಾದದಲ್ಲಿ ಕ್ರಿಸ್ತನ ಶಿಷ್ಯರನ್ನು ಕರೆದಿರುವುದೂ 'ಕಲಿಯುವ ಕ್ನಿಹ್ಟ್' ಎಂಬರ್ಥದ ಸಮಾಸಪದದಿಂದಲೇ. ಅಲ್ಲಿ ಕತ್ತಿಯೂ ಇಲ್ಲ, ಕುದುರೆಯೂ ಇಲ್ಲ. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ, ಒಡೆಯನಿಂದ ಭೂಮಿ ಪಡೆದು ಅದಕ್ಕೆ ಪ್ರತಿಯಾಗಿ ದಂಡಿನಲ್ಲಿ ಸೇವೆ ಸಲ್ಲಿಸುತ್ತಿದ್ದ ಸವಾರರಿಗೆ ಈ ಹೆಸರು ಅಂಟಿಕೊಂಡಿತು, ಆಳು ಎಂಬ ಪದ ಕ್ರಮೇಣ ಬಿರುದಾಯಿತು. ಇದೇ ಪದದ ಜರ್ಮನ್ ರೂಪವಾದ 'ಕ್ನೆಖ್ಟ್' ಮಾತ್ರ ಹೊಲಮನೆಯ ಆಳಾಗಿಯೇ ಉಳಿಯಿತು.

ಹೋಲಿಕೆಗೆ ನೇವ್ (knave) ಎಂಬ ಇಂಗ್ಲಿಷ್ ಪದವನ್ನು ಲೇಖಕರು ಎತ್ತಿಕೊಳ್ಳಬೇಕಿತ್ತು. ಅದಕ್ಕೂ ಮೊದಮೊದಲು ಹುಡುಗ ಎಂಬ ಅರ್ಥವೇ ಇತ್ತು, ಅದೂ ಆಳು ಎಂಬ ಅರ್ಥಕ್ಕೆ ಹೊರಳಿತು, ಆದರೆ ಕೊನೆಗೆ ಠಕ್ಕ ಎಂಬ ಬೈಗುಳವಾಗಿ ಕೆಳಗಿಳಿಯಿತು. ನಾವು ಇಸ್ಪೀಟಿನಲ್ಲಿ ಗುಲಾಮ ಎನ್ನುವ ಎಲೆಗೆ ಇಂಗ್ಲಿಷಿನ ಹಳೆಯ ಹೆಸರು ಇದೇ ನೇವ್.

ಇನ್ನು ಲೇಖಕರು ಹುಡುಕುತ್ತಿರುವ ಕುದುರೆ ಇರುವುದು ಮಾರ್ಷಲ್ ಎಂಬ ಪದದಲ್ಲಿ. ಹಳೆಯ ಜರ್ಮಾನಿಕ್ ಭಾಷೆಯ ಕುದುರೆ ಮತ್ತು ಆಳು ಎಂಬೆರಡು ಪದಗಳು ಕೂಡಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದವದು. 1986ರಲ್ಲಿ ಕೊಡಗಿನ ಕಾರ್ಯಪ್ಪನವರಿಗೆ ಸಂದ ಫೀಲ್ಡ್ ಮಾರ್ಷಲ್ ಪದವಿಯ ಬೇರು ಕುದುರೆಲಾಯದಲ್ಲಿದೆ.