ಕೊಡಗಿನ ಸೈಕಲ್ಲಿಗೆ ಕೊಡಗಿನ ಕೆಸರು ಹಿಡಿಯಲಿ

"ಅಣ್ಣಾ, ಕೆನಡಾದಲ್ಲಿದ್ದೂ ಇದನ್ನೇನಾ ಓಡಿಸೋದು?"

ರಜೆಗೆ ಊರಿಗೆ ಹೋಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಮಡಿಕೇರಿಯ ರಾಜಾಸೀಟ್ ಹತ್ತಿರ ಈ ಮಾತು ಕಿವಿಗೆ ಬಿತ್ತು. ಕೇಳಿದ ಹುಡುಗ ಒಳ್ಳೆಯವನೇ, ದೂರದ ನೆಂಟ ಕೂಡ. ಅವನು ನೋಡುತ್ತಿದ್ದದ್ದು ನನ್ನ ಎಂಟಿಬಿಯನ್ನು, ಅಂದರೆ ಮೌಂಟೇನ್ ಬೈಕನ್ನು. ನಾರ್ತ್ ವ್ಯಾಂಕೂವರಿನಿಂದ ಬಿಚ್ಚಿ, ಪೆಟ್ಟಿಗೆಗೆ ತುಂಬಿ ತಂದ ಸ್ಟೀಲ್ ಫ್ರೇಮಿನ ಸೈಕಲ್ಲು ಅದು. ಮುಂದೆ ಕುಲುಕು ತಡೆಯುವ ಸಸ್ಪೆನ್ಷನ್ ಫೋರ್ಕ್ ಇದೆ, ಹಿಂದೆ ಶಾಕ್ ಇಲ್ಲ. ಬಣ್ಣ ಅಲ್ಲಲ್ಲಿ ಎದ್ದಿದೆ. ಪೆಡಲ್ ಕೂರುವ ಕ್ರ್ಯಾಂಕ್ ಮೇಲಿದ್ದ ಕಂಪನಿ ಹೆಸರು ಶೂ ಉಜ್ಜಿ ಉಜ್ಜಿ ಅಳಿಸಿಹೋಗಿದೆ.

ಮಂಜು ಇನ್ನೂ ಏಳದ ಆ ಹೊತ್ತಿನಲ್ಲಿ ಸುತ್ತ ಸಾಲಾಗಿ ನಿಂತಿದ್ದ ಸೈಕಲ್ಲುಗಳು ನಿಜಕ್ಕೂ ಚೆಂದ ಇದ್ದವು. ಕಾರ್ಬನ್ ಫ್ರೇಮು, ಚಿನ್ನದ ಬಣ್ಣದ ಚೈನು, ರಿಮ್ಮಿನ ಸ್ಟಿಕ್ಕರಿಗೆ ಹೊಂದುವ ಬಣ್ಣದ ಬೋಲ್ಟು, ಗ್ರಿಪ್ಪು, ಪೆಡಲ್ಲು. ಒಬ್ಬನ ಬ್ರೇಕ್ ಹೋಸ್ ಕೂಡ ಅದೇ ಬಣ್ಣದ್ದು. ಮಾತೆಲ್ಲ ಮೂರೇ ಪ್ರಶ್ನೆಯ ಸುತ್ತ. ಎಷ್ಟು ಬಿತ್ತು? ಎಷ್ಟು ಕೆಜಿ? ಯಾವ ಗ್ರೂಪ್‌ಸೆಟ್, ಅಂದರೆ ಗೇರು, ಬ್ರೇಕಿನ ಸೆಟ್ಟು? ನಾನೂ ಒಂದು ಪ್ರಶ್ನೆ ಕೇಳಿದೆ. ಮಳೆಗಾಲದಲ್ಲಿ ಎಲ್ಲಿ ಓಡಿಸ್ತೀರಿ?

"ಮಳೆಗಾಲದಲ್ಲಿ ಹೊರಗೆ ತೆಗೆಯಲ್ಲ ಅಣ್ಣಾ. ಹಾಳಾಗ್ತದೆ."

ಮೊದಲ ಮಾತಿಗಿಂತ ಈ ಉತ್ತರ ಜಾಸ್ತಿ ಚುಚ್ಚಿತು. ಮಡಿಕೇರಿ ಇರುವುದು ಸಾವಿರ ಮೀಟರಿಗೂ ಎತ್ತರದಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಗುಡ್ಡ, ಕೆಸರು, ಬೇರು, ಪಾಚಿ ಹಿಡಿದ ಕಲ್ಲು. ಮೌಂಟೇನ್ ಬೈಕ್ ಅಂತ ಒಂದನ್ನು ಯಾವುದಕ್ಕಾಗಿ ಮಾಡಿದ್ದಾರೋ ಅದೆಲ್ಲ ಮನೆ ಬಾಗಿಲಲ್ಲೇ ಇದೆ. ಜೂನ್ ಬಂದ ಕೂಡಲೇ ಅದಕ್ಕೆ ಬೆಡ್‌ಶೀಟ್ ಹೊದಿಸಿ ಜಗಲಿಯಲ್ಲಿ ನಿಲ್ಲಿಸಿಬಿಡುವುದಾ?

ನಾನಿರುವ ಕಡೆಯೂ ಮಳೆಯ ಊರೇ. ಅಲ್ಲಿ ಮಳೆ ಶುರುವಾಗುವುದು ಅಕ್ಟೋಬರಿಗೆ, ಬಿಡುವುದು ಏಪ್ರಿಲಿಗೆ. ಊರಿನ ಬೆನ್ನಿಗೇ ಫ್ರಾಮ್, ಸೀಮೋರ್, ಸೈಪ್ರೆಸ್ ಅಂತ ಬೆಟ್ಟಗಳು. ಮೂರನ್ನೂ ಸೇರಿಸಿ 'ನಾರ್ತ್ ಶೋರ್' ಅನ್ನುತ್ತಾರೆ. ಸೈಕಲ್ ಹುಚ್ಚಿನವರಿಗೆ ಈ ಹೆಸರು ಎಲ್ಲಿದ್ದರೂ ಗೊತ್ತು. ಸೈಕಲ್ ತೋರಿಸಿಕೊಳ್ಳುವ ಚಪಲ ಅಲ್ಲಿನವರಿಗೇನು ಕಡಿಮೆ ಇಲ್ಲ. ಫ್ರಾಮ್ ಬೆಟ್ಟದ ಬುಡದ ಪಾರ್ಕಿಂಗಿನಲ್ಲಿ ಶನಿವಾರ ನಿಂತರೆ ಪ್ರತಿಯೊಬ್ಬರೂ ಪಕ್ಕದವರ ಸೈಕಲ್ಲನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಆದರೆ ಅವರ ಪ್ರಶ್ನೆಗಳೇ ಬೇರೆ. ಮುಂದಿನ ಟಯರಿಗೆ ಎಷ್ಟು ಗಾಳಿ? ಹ್ಯಾಂಡಲ್ ಎಷ್ಟು ಕತ್ತರಿಸಿದೆ? ಈ ಬ್ರೇಕ್ ಪ್ಯಾಡು ಒದ್ದೆಯಲ್ಲಿ ಹಿಡಿಯುತ್ತಾ?

ಅಲ್ಲಿಗೆ ಹೋದ ಹೊಸದರಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ತನ್ನ ಸೈಕಲ್ಲನ್ನು ನನಗೆ ತೋರಿಸಿದ್ದು ನೆನಪಿದೆ. ಹಾಲಿನ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ ಫೋರ್ಕಿಗೆ ಮಡ್‌ಗಾರ್ಡ್ ಮಾಡಿಕೊಂಡಿದ್ದರು. ನಾಲ್ಕು ಜಿಪ್ ಟೈ, ಅಷ್ಟೇ. ಅಂಚು ಟಯರಿಗೆ ತಾಗದ ಹಾಗೆ ಮೇಣದಬತ್ತಿಯಲ್ಲಿ ಕಾಯಿಸಿ ಬಗ್ಗಿಸಿದ್ದರು. ಆಮೇಲೆ ಫೋರ್ಕಿನ ಕಾಲಿಗೆ ಹಾಕಿದ್ದ ಸಣ್ಣ ರಬ್ಬರ್ ಉಂಗುರ ತೋರಿಸಿದರು. ಸೀಟಿನ ಮೇಲೆ ಕೂತು, ನಿಧಾನಕ್ಕೆ ಇಳಿದು, ಆ ಉಂಗುರ ಎಲ್ಲಿಗೆ ಜಾರಿ ನಿಂತಿದೆ ಅಂತ ನೋಡಬೇಕು. ಫೋರ್ಕ್ ಪೂರ್ತಿ ಕುಸಿಯುವ ಉದ್ದದಲ್ಲಿ ನಾಲ್ಕನೇ ಒಂದು ಭಾಗದಷ್ಟು ನಮ್ಮ ಭಾರಕ್ಕೇ ಕುಸಿದಿದ್ದರೆ ಫೋರ್ಕಿನೊಳಗಿನ ಗಾಳಿ ಸರಿಯಿದೆ ಅಂತ ಲೆಕ್ಕ. "ನಿನ್ನದು ಎಲ್ಲಿಗೆ ನಿಲ್ಲುತ್ತೆ?" ಅಂದರು. ನಾನು ಅವತ್ತಿನವರೆಗೆ ಅದನ್ನು ನೋಡಿಯೇ ಇರಲಿಲ್ಲ. ಅಲ್ಲೇ ಪಂಪು ತೆಗೆದು ಸರಿಮಾಡಿಕೊಟ್ಟರು. ಅವರ ಸೈಕಲ್ಲಿಗೆ ಎಷ್ಟು ಬಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಲ್ಲಿ ತೋರಿಸುವುದು ಸೈಕಲ್ಲನ್ನು ಮಾತ್ರ ಅಲ್ಲ, ದಾರಿಯನ್ನೂ ತೋರಿಸುತ್ತಾರೆ. ಆ ಕಾಡಿನ ನೆಲ ಸದಾ ಒದ್ದೆ. ಚಕ್ರ ಹೂತುಹೋಗುವ ಜಾಗಗಳಲ್ಲಿ ಬಿದ್ದ ಸೀಡರ್ ಮರಗಳನ್ನು ಸೀಳಿ, ನಮ್ಮ ತೋಡಿಗೆ ಹಾಕುವ ಸಂಕದ ಹಾಗೆ ಹಲಗೆ ದಾರಿ ಕಟ್ಟಿದರು. ಟಾಡ್ ಫಿಯಾಂಡರ್ ಅನ್ನುವವರು ಹೀಗೆ ಕಟ್ಟಿ ಕಟ್ಟಿಯೇ 'ಡಿಗ್ಗರ್' ಅಂತ ಹೆಸರಾದರು. ದಾರಿಗಳನ್ನು ನೋಡಿಕೊಳ್ಳಲು 1997ರಲ್ಲಿ ಸವಾರರೇ ಸೇರಿ ನಾರ್ತ್ ಶೋರ್ ಮೌಂಟೇನ್ ಬೈಕ್ ಅಸೋಸಿಯೇಷನ್ ಕಟ್ಟಿಕೊಂಡರು. ಈಗಲೂ ರಜೆಯ ದಿನ ಗುದ್ದಲಿ ಹಿಡಿದು ಚರಂಡಿ ತೋಡಲು ಜನ ಹೋಗುತ್ತಾರೆ. ದುಬಾರಿ ಸೈಕಲ್ಲಿನವನೂ ಬರುತ್ತಾನೆ, ಹಳೇ ಸೈಕಲ್ಲಿನವನೂ ಬರುತ್ತಾನೆ. ಬರದವನಿಗೆ ಆ ಪಾರ್ಕಿಂಗಿನಲ್ಲಿ ಅಷ್ಟೇನೂ ಬೆಲೆ ಇಲ್ಲ.

ಈ ಆಟ ಹುಟ್ಟಿದ್ದೇ ಹಾಗೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930, 40ರ ಕಾಲದ ದಪ್ಪ ಟಯರಿನ ಹಳೇ ಷ್ವಿನ್ ಸೈಕಲ್ಲುಗಳನ್ನು ತಂದು, ಬೇಡದ್ದೆಲ್ಲ ಕಿತ್ತು ಬೆಟ್ಟದಿಂದ ಇಳಿಸುತ್ತಿದ್ದರು. ಮೋಟಾರ್ ಸೈಕಲ್ಲಿನ ಬ್ರೇಕ್ ಲಿವರ್ ಹಾಕಿಕೊಂಡರು. 1976ರ ಅಕ್ಟೋಬರ್ 21ಕ್ಕೆ ಅವರ ಮೊದಲ 'ರೀಪ್ಯಾಕ್' ಪಂದ್ಯ. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಚಕ್ರದ ನಡುವಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು, ಅದಕ್ಕೇ ಆ ಹೆಸರು. ಅವರಲ್ಲೊಬ್ಬ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮ್ ಬೆಸೆಯಲು ಕೂತದ್ದು ಮರುವರ್ಷ. ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಹಾಗೆ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದದ್ದು 1981ರಲ್ಲಿ. ಮೊದಲು ಕೈಯಲ್ಲಿ ಮಾಡಿಕೊಂಡದ್ದು, ಆಮೇಲೆ ಮಾರಾಟಕ್ಕೆ ಬಂದದ್ದು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಸೇರಿದ್ದು ಇನ್ನೂ ಆಮೇಲಿನ ಮಾತು.

ಇದನ್ನೆಲ್ಲ ಹೊರದೇಶದವರಿಂದ ಕಲಿಯಿರಿ ಅನ್ನುತ್ತಿಲ್ಲ. ನನಗೆ ಬೇಜಾರು ಇರುವುದೇ ಅಲ್ಲಿ. ನಮ್ಮವರಿಗೆ ಇದು ಮೊದಲಿಂದ ಗೊತ್ತು.

ಕೊಡಗಿನ ತೋಟದ ಜೀಪನ್ನು ನೋಡಿ. ಅದರಲ್ಲಿ ಕಂಪನಿ ಕೊಟ್ಟ ಹಾಗೆ ಉಳಿದಿರುವುದು ಏನಿದೆ? ಕಾಫಿ ಮೂಟೆಗೆ ಜಾಗ ಬೇಕು ಅಂತ ಹಿಂದಿನ ಸೀಟು ಕಿತ್ತಿರುತ್ತಾರೆ. ಆಷಾಢದ ಕೆಸರಿಗೆ ಟಯರಿಗೆ ಸರಪಳಿ ಕಟ್ಟುತ್ತಾರೆ. ಮುಂದೆ ಬಂಪರಿಗೆ ಹಗ್ಗ ಸಿಕ್ಕಿಸಲು ಕೊಕ್ಕೆ ಬೆಸೆಸಿರುತ್ತಾರೆ. ನಮ್ಮ ದೊಡ್ಡಪ್ಪನ ಜೀಪಿನಲ್ಲಿ ಡ್ರೈವರ್ ಸೀಟಿನ ಪಕ್ಕ ಗಮ್ ಬೂಟು ಸಿಕ್ಕಿಸಲು ಒಂದು ಕಬ್ಬಿಣದ ಪಟ್ಟಿ ಇದೆ. ಗೋಣಿಕೊಪ್ಪದ ಗ್ಯಾರೇಜಿನಲ್ಲಿ ನಿಂತು ಮಾಡಿಸಿದ್ದು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ, ಜೀಪಿನ ಬೆಲೆ ಹೇಳುವುದಿಲ್ಲ. ಹಾಕಿ ಸ್ಟಿಕ್ಕಿನ ವಿಷಯವೂ ಅದೇ. ಗ್ರಿಪ್ಪನ್ನು ತನ್ನ ಕೈಗೆ ಬೇಕಾದಷ್ಟು ದಪ್ಪ ಸುತ್ತಿಕೊಳ್ಳದೆ ನಮ್ಮಲ್ಲಿ ಯಾವ ಹುಡುಗ ಮೈದಾನಕ್ಕೆ ಇಳಿಯುತ್ತಾನೆ?

ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊದ್‌ಗೆ ಕೋವಿ, ಕತ್ತಿ ತೊಳೆದು ತೋಕ್‌ಪೂ ಹೂವು ಸಿಕ್ಕಿಸುವುದು ಯಾವಾಗ? ನಾಟಿ ಮುಗಿದ ಮೇಲೆ. ಗದ್ದೆಯಲ್ಲಿ ದುಡಿದ ನೇಗಿಲಿಗೆ ಪೂಜೆ. ನೇಗಿಲಿಗೆ ಕೆಸರು ಮೆತ್ತುತ್ತದೆ ಅಂತ ಯಾರಾದರೂ ಅದನ್ನು ಅಟ್ಟದ ಮೇಲೆ ಇಟ್ಟದ್ದುಂಟಾ? ಹಾಗಿದ್ದ ಮೇಲೆ ಸೈಕಲ್ಲಿಗೆ ಮಾತ್ರ ಈ ಮಡಿ ಎಲ್ಲಿಂದ ಬಂತು?

ನನ್ನ ಕೈಗೆ ಆ ಹುಡುಗರ ಸೈಕಲ್ಲು ಕೊಟ್ಟರೆ ಬಣ್ಣದ ಬೋಲ್ಟಿಗೆ ಕೈಹಾಕುವುದಿಲ್ಲ. ಮೊದಲು ಟಯರ್ ಬದಲಾಯಿಸುತ್ತೇನೆ. ನಮ್ಮ ಕೆಂಪು ಮಣ್ಣು ಅಂಟುವ ಮಣ್ಣು. ಹತ್ತಿರ ಹತ್ತಿರ ರಬ್ಬರ್ ಗುಬ್ಬಿ ಇರುವ ಟಯರಿನಲ್ಲಿ ಸಿಕ್ಕಿಕೊಂಡರೆ ಬಿಡುವುದಿಲ್ಲ, ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಗುಬ್ಬಿಗಳು ದೂರ ದೂರ ಇದ್ದು ಉದ್ದವಾಗಿರುವ ಟಯರ್ ಆದರೆ ತಿರುಗುತ್ತಲೇ ಮಣ್ಣು ಉದುರಿಸುತ್ತದೆ. ಟ್ಯೂಬ್ ತೆಗೆದು, ತೂತು ತಾನೇ ಮುಚ್ಚುವ ಸೀಲೆಂಟ್ ದ್ರವ ತುಂಬುತ್ತೇನೆ. ಆಗ ಗಾಳಿ ಕಡಿಮೆ ಇಡಬಹುದು, ಬೇರಿನ ಮೇಲೆ ಟಯರ್ ಮೆತ್ತಗೆ ಕೂರುತ್ತದೆ, ಮುಳ್ಳಿಗೂ ಹೆದರಬೇಕಿಲ್ಲ. ಸೀಲೆಂಟ್ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಅದನ್ನು ನೆನಪಿಟ್ಟು ತುಂಬಬೇಕು. ಬ್ರೇಕಿಗೆ ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್. ರೆಸಿನ್ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ ನಿಜ, ಆದರೆ ಜುಲೈ ತಿಂಗಳ ಕೆಸರಿನಲ್ಲಿ ಬೇಗ ಸವೆದು ಹೋಗುತ್ತದೆ. ಹ್ಯಾಂಡಲ್ಲಿನ ಎರಡೂ ತುದಿ ಸ್ವಲ್ಪ ಕತ್ತರಿಸುತ್ತೇನೆ. ಕಾಫಿ ಗಿಡದ ಸಾಲಿನ ನಡುವೆ 780 ಮಿಲಿಮೀಟರ್ ಅಗಲದ ಹ್ಯಾಂಡಲ್ ಹಿಡಿದು ಹೋದರೆ ಕೊಂಬೆಗೆ ಸಿಕ್ಕಿ ಬೀಳುವುದೇ. ಇಷ್ಟಾದರೆ ಅದು ಕೊಡಗಿನ ಸೈಕಲ್ಲು. ಅದನ್ನು ರಾಜಾಸೀಟ್ ಹತ್ತಿರ ಎದೆಯುಬ್ಬಿಸಿ ನಿಲ್ಲಿಸಲಿ, ನಾನೇ ಫೋಟೋ ತೆಗೆಯುತ್ತೇನೆ.

ಇನ್ನು ಅವರ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು.

ಓಡಿಸಲು ಜಾಗ ಎಲ್ಲಿದೆ ಅಂತ ಕೇಳಿದರೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಕೊಡಗಿನ ಒಳ್ಳೆಯ ಗುಡ್ಡಗಳೆಲ್ಲ ಒಂದೋ ಯಾರದ್ದೋ ತೋಟ, ಇಲ್ಲವೇ ಕಾಡು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಧಾಮಗಳು. ಅತ್ತ ನಾಗರಹೊಳೆ. ಮಾಂದಲ್‌ಪಟ್ಟಿಯ ದಾರಿಯಲ್ಲಿ ಪ್ರವಾಸಿಗರ ಜೀಪುಗಳ ಸಾಲು. ಸಿದ್ದಾಪುರದ ಕಡೆ ತೋಟದೊಳಗೆ ಆನೆ ಯಾವಾಗ ಇರುತ್ತದೆ ಅಂತ ಹೇಳುವ ಹಾಗಿಲ್ಲ. ಕೆಲಸಕ್ಕೆ ಹೋಗುವವರೇ ಜೀವ ಕೈಯಲ್ಲಿ ಹಿಡಿದು ಹೋಗುತ್ತಾರೆ. ಸದ್ದಿಲ್ಲದೆ ತಿರುವಿನಲ್ಲಿ ಇಳಿದು ಬರುವ ಸೈಕಲ್ಲು ಆನೆಗೂ ಅಪಾಯ, ಸವಾರನಿಗೂ ಅಪಾಯ. ಗುದ್ದಲಿ ಹಿಡಿದು ಗುಡ್ಡ ಕಡಿಯಿರಿ ಅನ್ನುವುದೂ ಸುಲಭ ಅಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜರಿದದ್ದನ್ನು ಕಂಡವರು ಇಳಿಜಾರಿನಲ್ಲಿ ಹೊಸ ದಾರಿ ಅಂದರೆ ಬೆಚ್ಚುತ್ತಾರೆ. ಬೆಚ್ಚಬೇಕಾದ್ದೇ.

ಬಿಡಿಭಾಗದ ಕಷ್ಟವೂ ದೊಡ್ಡದು. ಗೇರ್ ಬದಲಿಸುವ ಹಿಂದಿನ ಡಿರೇಲರ್ ನೇತಾಡುವುದು ಬೆರಳುದ್ದದ ಒಂದು ಅಲ್ಯುಮಿನಿಯಂ ತುಂಡಿನ ಮೇಲೆ. ಹ್ಯಾಂಗರ್ ಅನ್ನುತ್ತಾರೆ. ಕಲ್ಲಿಗೆ ಬಡಿದರೆ ಫ್ರೇಮ್ ಉಳಿಸಲು ತಾನು ಬಗ್ಗುತ್ತದೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ಎಲ್ಲಕ್ಕೂ ಒಂದೇ ಹ್ಯಾಂಗರ್ ಇರಲಿ ಅಂತ ಸ್ರ್ಯಾಮ್ ಕಂಪನಿ 2019ರಲ್ಲಿ ಒಂದು ಅಳತೆ ತಂದಿತು, ಈಗ ಹೊಸ ಫ್ರೇಮುಗಳಲ್ಲಿ ಜಾಸ್ತಿ ಕಾಣುತ್ತದೆ. ಹಳೆಯ ಫ್ರೇಮಿನವನ ಹ್ಯಾಂಗರ್ ಮುರಿದರೆ ಬೆಂಗಳೂರಿನಿಂದ ತರಿಸಬೇಕು, ಅಲ್ಲೂ ಇಲ್ಲದಿದ್ದರೆ ಹೊರದೇಶದಿಂದ. ಅಲ್ಲಿಯವರೆಗೆ ಸೈಕಲ್ಲು ಮೂಲೆಗೆ. ಮೂರು ವರ್ಷ ದುಡ್ಡು ಕೂಡಿಟ್ಟು ಕೊಂಡವನು "ಹಾಳಾಗ್ತದೆ" ಅಂದರೆ ಅದರ ಹಿಂದೆ ಈ ಹೆದರಿಕೆಯೂ ಇದೆ. ನಾನಿರುವ ಊರಿನಲ್ಲಿ ಸೈಕಲ್ಲಿನಲ್ಲೇ ಹೋಗಿ ತರುವಷ್ಟು ದೂರಕ್ಕೆ ಅಂಗಡಿಗಳಿವೆ.

ಇನ್ನೊಂದು ಮಾತು. ಆ ಭಾನುವಾರ ಸೈಕಲ್ ನೋಡಿ ಮುಗಿದ ಮೇಲೆ ಅವರು ನನ್ನನ್ನು ಸುಮ್ನೆ ಬಿಡಲಿಲ್ಲ. ಯಾವ ಮನೆಯವನು, ಅಮ್ಮನ ತವರು ಯಾವ ಊರು ಅಂತ ವಿಚಾರಿಸಿ, ಒಬ್ಬನ ಮನೆಗೆ ಕರೆದುಕೊಂಡು ಹೋಗಿ ಕಡುಬು, ಕೋಳಿ ಸಾರು ತಿನ್ನಿಸಿಯೇ ಕಳಿಸಿದರು. ನಾರ್ತ್ ಶೋರಿನ ಪಾರ್ಕಿಂಗಿನಲ್ಲಿ ಇಷ್ಟು ವರ್ಷದಿಂದ ಮಾತಾಡುವವರಲ್ಲಿ ಎಷ್ಟೋ ಜನರ ಮನೆ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ.

ನಮ್ಮ ತೋಟದ ಕೆಳಗೆ ಗದ್ದೆಗೆ ಇಳಿಯುವ ಹಳೆಯ ಎತ್ತಿನ ದಾರಿಯೊಂದಿದೆ. ಹೊಸದಾಗಿ ಏನೂ ಕಡಿಯಬೇಕಾಗಿಲ್ಲ. ಎರಡು ಕಡೆ ನೀರು ಹೋಗಲು ಚರಂಡಿ ಬಿಡಿಸಿ, ಬಿದ್ದ ಸಿಲ್ವರ್ ಓಕ್ ಸರಿಸಿದರೆ ಸಾಕು. ಮುಂದಿನ ಮಳೆಗಾಲಕ್ಕೆ ಆ ಹುಡುಗರಿಗೆ ಅದನ್ನು ಬಿಟ್ಟುಕೊಡಿ ಅಂತ ದೊಡ್ಡಪ್ಪನನ್ನು ಕೇಳಿದ್ದೇನೆ. ಕಾಫಿ ಕುಯಿಲು ಮುಗಿದ ಮೇಲೆ ನೋಡೋಣ ಅಂದಿದ್ದಾರೆ. ಚರಂಡಿ ಕೆಲಸಕ್ಕೆ ಹುಡುಗರೇ ಬರಬೇಕು, ಬೆಳಿಗ್ಗೆ ಎಂಟಕ್ಕೆ ಮೊದಲು ಯಾರೂ ಆ ದಾರಿಗೆ ಇಳಿಯಬಾರದು, ಆನೆ ವಾಪಸ್ ಹೋಗುವ ಹೊತ್ತು ಅದು ಅಂತ ಷರತ್ತು ಹಾಕಿದ್ದಾರೆ.