ಮದುವೆ ನೋಂದಣಿ: ನಾನು ಕಳಿಸಿದ್ದ ಸಂದೇಶ ತಪ್ಪು

'ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್ ಇದ್ದರೆ ಸಾಕು, ಹಿಂದೂ ಮದುವೆ ಊರ್ಜಿತ. ಇಲ್ಲದಿದ್ದರೆ ಮದುವೆಯೇ ಅಲ್ಲ' ಎಂಬ ಸಂದೇಶವನ್ನು ಮೊನ್ನೆ ನಾನೂ ಮುಂದೆ ಕಳಿಸಿದ್ದೆ. ಅದರ ಎರಡು ಮಾತೂ ತಪ್ಪು.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ವಧು ಅಥವಾ ವರ, ಯಾರಾದರೊಬ್ಬರ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದಿರಬೇಕು. ಆ ಸಂಪ್ರದಾಯದಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಎಲ್ಲರಲ್ಲೂ ಸಪ್ತಪದಿ ಇರಲೇಬೇಕೆಂದು ಕಾನೂನು ಹೇಳಿಲ್ಲ (ಇದನ್ನೂ ಹಲವರು ತಪ್ಪು ತಿಳಿದಿದ್ದಾರೆ). ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಹಿಂದೂ ವಿವಾಹವಾಗದು ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ನೋಂದಣಿ. ಮಾಡಿಸದಿದ್ದರೂ ಮದುವೆಯ ಸಿಂಧುತ್ವಕ್ಕೆ ಧಕ್ಕೆಯಿಲ್ಲ ಎಂದು 8ನೇ ಸೆಕ್ಷನ್ನೇ ಹೇಳುತ್ತದೆ. ಹಾಗಂತ ಬಿಡಬೇಡಿ, ಪಾಸ್‌ಪೋರ್ಟ್, ಪಿಂಚಣಿ, ಕೋರ್ಟು ಎಂದಾಗ ಅದೇ ಒಳ್ಳೆಯ ಪುರಾವೆ.

ಗೊಂದಲದ ಮೂಲ ಬಹುಶಃ 1954ರ ವಿಶೇಷ ವಿವಾಹ ಕಾಯ್ದೆ. ಅಲ್ಲಿ 30 ದಿನದ ನೋಟಿಸ್ ಕೊಟ್ಟು, ಮೂವರು ಸಾಕ್ಷಿಗಳೊಂದಿಗೆ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು, ಶಾಸ್ತ್ರ ಬೇಕಿಲ್ಲ. ಅದು ಬೇರೆ ಕಾನೂನು.

ನನ್ನಿಂದ ಆ ಸಂದೇಶ ಬಂದಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.