ಎಮ್ಮೆಕೆರೆಗೆ ಇನ್ನೂ ದೂರ ಉಂಟು

ಈಜು ಮತ್ತು ಸೈಕಲ್ ಒಮ್ಮೆ ಕಲಿತರೆ ಮರೆಯುವುದಿಲ್ಲ ಅಂತ ನನ್ನ ಸೋದರಮಾವ ಹೇಳುತ್ತಿದ್ದರು. ಮೂಡುಬಿದಿರೆಯ ಕೆರೆಯೊಂದರಲ್ಲಿ ನನಗೆ ಈಜು ಕಲಿಸಿದ್ದು ಅವರೇ. ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಸ್ವಲ್ಪ ಎಬ್ಬಿಸಿ, ಒಂದಕ್ಕೊಂದು ಗಂಟು ಹಾಕಿ, ನಡುವೆ ನನ್ನ ಎದೆ ಇರಿಸಿ ನೀರಿಗೆ ತಳ್ಳಿದ್ದರು. ನಾಲ್ಕನೇ ದಿನ ಕಾಯಿ ಬಿಚ್ಚಿಕೊಂಡು ಮನೆಗೆ ನಡೆದರು. ಮಧ್ಯಾಹ್ನದ ಸಾಂಬಾರಿಗೆ ಬೇಕಿತ್ತಂತೆ. ನಾನು ಇನ್ನೂ ಕೆರೆಯಲ್ಲೇ ಇದ್ದೆ. ಹಾಗೆ ನನಗೆ ಈಜು ಬಂತು.

ಆಮೇಲೆ ಮಂಗಳೂರಿನಲ್ಲಿ ಕಾಲೇಜು. ಮೂರು ವರ್ಷ ಬೆಳಿಗ್ಗೆ ಐದೂವರೆಗೆ ಕೊಳದಲ್ಲಿ. 100 ಮೀಟರ್ ಫ್ರೀ ಸ್ಟೈಲ್‌ನಲ್ಲಿ ಒಂದು ಕಂಚಿನ ಪದಕವೂ ಬಂತು. ಸ್ಪರ್ಧೆಯಲ್ಲಿ ಇದ್ದದ್ದೇ ನಾಲ್ಕು ಮಂದಿ, ಅದರಲ್ಲಿ ಒಬ್ಬನ ಗಾಗಲ್ಸ್ ನೀರಿಗೆ ಹಾರುವಾಗ ಜಾರಿ ಬಾಯಿಗೆ ಬಂದು ಕೂತಿತ್ತು. ಈ ವಿಷಯವನ್ನು ಹೆಂಡತಿಗೆ ಮದುವೆಯಾದ ಮೇಲೆಯೇ ಹೇಳಿದ್ದು.

ಮತ್ತೆ ಬ್ಯಾಂಕಿನ ಕೆಲಸ, ವರ್ಗಾವಣೆ, ಮಗಳು, ಮನೆಸಾಲ. ಇಪ್ಪತ್ತೆರಡು ವರ್ಷ ನಾನು ನೀರಿಗಿಳಿದದ್ದು ಪಣಂಬೂರು ಕಡಲಿನಲ್ಲಿ ಪ್ಯಾಂಟು ಮಡಚಿ ಮೊಣಕಾಲಿನವರೆಗೆ ಮಾತ್ರ.

ಸುಮ್ಮನಿದ್ದವನನ್ನು ಕೆಣಕಿದ್ದು ನಮ್ಮ ಮಂಗಳೂರಿನದ್ದೇ ಎಮ್ಮೆಕೆರೆ. 2023ರಲ್ಲಿ ಅಲ್ಲಿ 50 ಮೀಟರಿನ ಹೊಸ ಈಜುಕೊಳ ಶುರುವಾಯಿತು. ಅದೇ ವರ್ಷ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆಯೂ ಅಲ್ಲೇ ನಡೆಯಿತು. ಮಾಸ್ಟರ್ಸ್ ಅಂದರೆ 25 ದಾಟಿದವರಿಗೆ. ಐದೈದು ವರ್ಷಕ್ಕೆ ಒಂದು ಗುಂಪು. ನನ್ನ ಪ್ರಾಯದವರಿಗೆ 45ರಿಂದ 49ರ ಗುಂಪು. ಅಂದರೆ ಇಪ್ಪತ್ತರ ಹುಡುಗರ ಕಾಟ ಇಲ್ಲ, ನನ್ನ ಹಾಗೆ ಹೊಟ್ಟೆ ಬಂದವರೇ ಇರುತ್ತಾರೆ ಅಂತ ಲೆಕ್ಕ ಹಾಕಿದೆ. ಹೊಟ್ಟೆ ಬರಲಿಕ್ಕೆ ಬಿಡದೆ ಈಜುತ್ತಾ ಬಂದವರೇ ಅಲ್ಲಿಗೆ ಬರುತ್ತಾರೆ ಅಂತ ಹೊಳೆಯಲೇ ಇಲ್ಲ.

"ಮುಂದೆ ಒಂದಿನ ನಾನೂ ಎಮ್ಮೆಕೆರೆಯಲ್ಲಿ ಈಜುತ್ತೇನೆ" ಅಂದೆ.

ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೆಸರು ಸರಿ ಉಂಟು" ಅಂದಳು.

ಅಟ್ಟದಿಂದ ಹಳೆಯ ಈಜಿನ ಬ್ಯಾಗ್ ಇಳಿಸಿದೆ. ಇಪ್ಪತ್ತೆರಡು ಮಳೆಗಾಲ ಕಂಡ ಬ್ಯಾಗ್ ಅದು. ನಮ್ಮೂರಿನ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೇ ಮೂರು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಒಳಗೆ ಗಾಗಲ್ಸಿನ ರಬ್ಬರ್ ಕರಗಿ, ಟೋಪಿಗೆ ಅಂಟಿ, ಎರಡೂ ಸೇರಿ ಹಲಸಿನ ಮೇಣದ ಉಂಡೆಯ ಹಾಗೆ ಆಗಿದ್ದವು. ಈಜುಚಡ್ಡಿ ಮಾತ್ರ ಗಟ್ಟಿಯಾಗಿ ಕಂಡಿತು. ಸೊಂಟದ ಎಲಾಸ್ಟಿಕ್ ಒಮ್ಮೆ ಎಳೆದು ನೋಡಿದೆ. ಕಿರ್ರ್ ಅಂತ ಸದ್ದಾಯಿತು. ಎಳೆದಷ್ಟು ದೂರ ಹೋಯಿತು, ವಾಪಸ್ ಬರಲಿಲ್ಲ. ಕೊಳದಲ್ಲಿ ಆಗುವುದು ಮನೆಯಲ್ಲೇ ಆಯಿತಲ್ಲ ಅಂತ ದೇವರಿಗೆ ಕೈ ಮುಗಿದೆ. ಹೊಸತು ತಂದೆ. ಅಂಗಡಿಯವ ಕೇಳದೆಯೇ ಡಬಲ್ ಎಕ್ಸೆಲ್ ತೆಗೆದು ಕೊಟ್ಟ.

ನಾನು ಸೇರಿದ್ದು ಮನೆಗೆ ಹತ್ತಿರದ 25 ಮೀಟರಿನ ಕೊಳಕ್ಕೆ. ಕೋಚ್ ಇಪ್ಪತ್ತೈದರ ಹುಡುಗ. "ಅಂಕಲ್, ಕಲಿಯುವವರ ಬ್ಯಾಚ್ ಏಳು ಗಂಟೆಗೆ" ಅಂದ.

"ಕಲಿಯಲಿಕ್ಕೆ ಬಂದದ್ದಲ್ಲ. ಟ್ರೈನಿಂಗಿಗೆ."

"ಹೌದಾ? ಮೊದಲು ಈಜುತ್ತಿದ್ದಿರಾ?"

ಕಂಚಿನ ಪದಕದ ಕಥೆ ಹೇಳಿದೆ. ನಾಲ್ಕು ಮಂದಿ ಎಂಟಾದರು. ಅವನು ತಲೆಯಾಡಿಸಿ ನನ್ನನ್ನು ನಾಲ್ಕನೇ ಲೇನಿಗೆ ಹಾಕಿದ. ಅಲ್ಲಿ ಮೂರು ಮಕ್ಕಳಿದ್ದರು. ಎಲ್ಲರಿಗೂ ಒಂಬತ್ತೋ ಹತ್ತೋ ವರ್ಷ. "ವಾರ್ಮ್ ಅಪ್ 200 ಮೀಟರ್" ಅಂದ.

ಗೋಡೆ ಒದ್ದು ಹೊರಟೆ. ಆಹಾ! ಮಾವ ಹೇಳಿದ್ದು ನೂರಕ್ಕೆ ನೂರು ನಿಜ. ಕೈ ತನ್ನಷ್ಟಕ್ಕೆ ಬೀಸಿತು, ಮೊಣಕೈ ಮೇಲೆದ್ದಿತು, ತಲೆ ತಿರುಗಬೇಕಾದಲ್ಲಿ ತಿರುಗಿತು. ಹದಿನೈದು ಮೀಟರ್ ನಾನು ಹತ್ತೊಂಬತ್ತರ ಹುಡುಗ. ಹದಿನಾರನೆಯ ಮೀಟರಿನಲ್ಲಿ ಎದೆಯೊಳಗೆ ಯಾರೋ ಬಾಗಿಲು ಬಡಿದರು. ಇಪ್ಪತ್ತರಲ್ಲಿ ಬಾಗಿಲು ಒಡೆದರು. ಎದುರಿನ ಗೋಡೆ ಹತ್ತಿರ ಬರುವುದು ಬಿಟ್ಟು ಹಿಂದೆ ಸರಿಯತೊಡಗಿತು. ಕೊನೆಗೆ ಹೇಗೋ ಕೈಗೆ ಸಿಕ್ಕಿದ ಅಂಚನ್ನು ಉಡದ ಹಾಗೆ ಕಚ್ಚಿ ಹಿಡಿದೆ. ಪ್ರೆಶರ್ ಕುಕ್ಕರಿನ ಸೀಟಿ ಕೇಳಿಸಿತು. ಅದು ನನ್ನ ಉಸಿರು.

ಒಟ್ಟು ಎಂಟು ಸಲ ದಾಟಬೇಕಿತ್ತು. ಆದದ್ದು ಒಂದು.

"ಎಂತಾಯ್ತು ಅಂಕಲ್?" ಅಂದ ಕೋಚ್.

"ಗಾಗಲ್ಸಿಗೆ ನೀರು ಹೋಯ್ತು."

ಈಜುವವರ ಲೋಕದಲ್ಲಿ ಇದಕ್ಕಿಂತ ಗೌರವದ ಸುಳ್ಳು ಇಲ್ಲ. ಗಾಗಲ್ಸ್ ತೆಗೆ, ನೀರು ಚೆಲ್ಲು, ಒಳಗೆ ಉಗುಳು, ತಿಕ್ಕು, ತೊಳೆ, ಮತ್ತೆ ಹಾಕು, ಪಟ್ಟಿ ಸರಿ ಮಾಡು. ಸಾವಕಾಶ ಮಾಡಿದರೆ ಒಂದೂವರೆ ನಿಮಿಷ ಸಿಗುತ್ತದೆ. ಗಾಗಲ್ಸನ್ನು ಕಣ್ಣಿಗೆ ಅಂತ ಮಾಡಿದ್ದಾರೆ. ನನಗೆ ಅದರ ಉಪಕಾರ ಆದದ್ದೆಲ್ಲ ಶ್ವಾಸಕೋಶಕ್ಕೆ. ಆ ದಿನ ನನ್ನ ಗಾಗಲ್ಸಿಗೆ ಹನ್ನೊಂದು ಸಲ ನೀರು ಹೋಯಿತು.

ಕೋಚ್ ಹುಡುಗ ಬುದ್ಧಿವಂತ. ಹನ್ನೆರಡನೇ ಸಲ ನಾನು ಕೈ ಎತ್ತುವ ಮೊದಲೇ ಬಂದು ಕೂತ. "ಅಂಕಲ್, ನೀವು ಉಸಿರು ತೆಗೆದುಕೊಳ್ಳುತ್ತೀರಿ, ಬಿಡುವುದೇ ಇಲ್ಲ. ಮುಖ ನೀರಲ್ಲಿ ಇರುವಾಗ ಗುಳುಗುಳು ಅಂತ ಬಿಡಬೇಕು. ಹೊರಗೆ ಬಂದು ಬಿಡುತ್ತಾ ಕೂತರೆ ಎಳೆಯಲಿಕ್ಕೆ ಟೈಮ್ ಎಲ್ಲಿ?" ಇದು ನನಗೆ ಗೊತ್ತಿದ್ದದ್ದೇ. ಒಳಗಿನ ಗಾಳಿ ಹೊರಗೆ ಹೋಗದಿದ್ದರೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಗಾಳಿ ಇದ್ದರೂ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆದರೆ ಅಷ್ಟು ಕಷ್ಟಪಟ್ಟು ಒಳಗೆ ತಂದ ಗಾಳಿಯನ್ನು ಬಿಟ್ಟುಕೊಡಲು ಮನಸ್ಸು ಬರಬೇಕಲ್ಲ? ಬ್ಯಾಂಕಿನವನು ನಾನು. ಡೆಪಾಸಿಟ್ ಸಲೀಸು, ವಿದ್‌ಡ್ರಾವಲ್ ಕಷ್ಟ.

ಮನೆಗೆ ಬಂದು ಓದಿ ನೋಡಿದೆ. ಅಭ್ಯಾಸ ಬಿಟ್ಟ ಎರಡು ಮೂರು ವಾರದಲ್ಲೇ ದಮ್ಮು ಇಳಿಯಲು ಶುರುವಾಗುತ್ತದಂತೆ. ಮೈಯಲ್ಲಿ ಓಡುವ ರಕ್ತದ ಪ್ರಮಾಣವೇ ಕಡಿಮೆಯಾಗುತ್ತದೆ. ಎರಡು ವಾರಕ್ಕೆ ಹೀಗಾದರೆ ಇಪ್ಪತ್ತೆರಡು ವರ್ಷಕ್ಕೆ ಎಷ್ಟು? ಕ್ಯಾಲ್ಕ್ಯುಲೇಟರ್ ತೆಗೆದವನು ಹಾಗೇ ಇಟ್ಟೆ.

ಎರಡನೇ ವಾರ ಕಿಕ್ ಬೋರ್ಡ್ ಬಂತು. ಕಂಡರೆ ಪಾಪದ ವಸ್ತು, ಒಂದು ತುಂಡು ಸ್ಪಂಜಿನ ಹಲಗೆ. ಮುಂದೆ ಕೈಯಲ್ಲಿ ಹಿಡಿದು ಕಾಲು ಮಾತ್ರ ಬಡಿಯಬೇಕು. ಮಕ್ಕಳು ಮೋಟರ್ ಬೋಟಿನ ಹಾಗೆ ಹೋದರು. ನಾನೂ ಬಡಿದೆ. ಧಬ ಧಬ ಧಬ. ನೀರು ಮೂರಡಿ ಮೇಲೆ ಹಾರಿತು. ದಡದಲ್ಲಿ ಕೂತಿದ್ದ ಅಮ್ಮಂದಿರು ಹ್ಯಾಂಡ್‌ಬ್ಯಾಗ್ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದರು. ಸುಮಾರು ಹೊತ್ತು ಬಡಿದು, ಅರ್ಧ ದೂರ ಬಂದಿರಬಹುದು ಅಂತ ಪಕ್ಕಕ್ಕೆ ನೋಡಿದರೆ ಅದೇ ಸ್ಟೀಲಿನ ಏಣಿ. ಹಲ್ಲು ಕಚ್ಚಿ ಇನ್ನಷ್ಟು ಬಡಿದೆ. ಮತ್ತೆ ನೋಡಿದೆ. ಏಣಿ ನನಗಿಂತ ಮುಂದೆ ಹೋಗಿತ್ತು.

ನಾನು ಹಿಂದೆ ಹೋಗುತ್ತಿದ್ದೆ, ಮಾರಾಯ್ರೆ.

"ನಿಮ್ಮ ಪಾದ ಚಾಚುವುದಿಲ್ಲ" ಅಂತ ಕೋಚ್ ಗಂಭೀರವಾಗಿ ವಿವರಿಸಿದ. ಪಾದ ಹಿಂದಕ್ಕೆ ಬ್ಯಾಲೆ ಕುಣಿಯುವವರ ಹಾಗೆ ಚಾಚಿದರೆ ನೀರು ಹಿಂದೆ ಹೋಗುತ್ತದೆ, ನಾವು ಮುಂದೆ. ಕೊಕ್ಕೆಯ ಹಾಗೆ ಬಾಗಿಯೇ ಇದ್ದರೆ ಲೆಕ್ಕ ಉಲ್ಟಾ. ಇಪ್ಪತ್ತೆರಡು ವರ್ಷ ಶೂ ಹಾಕಿ ಮೇಜಿನ ಕೆಳಗೆ ಇಟ್ಟ ನನ್ನ ಪಾದಗಳು ಕುರ್ಚಿಯ ಕಾಲಿನ ಹಾಗೆ ಆಗಿದ್ದವು. ಮೂರು ಮಕ್ಕಳು ಆಚೆ ದಡ ಮುಟ್ಟಿ, ಹಗ್ಗಕ್ಕೆ ಗಲ್ಲ ಊರಿ, ನನ್ನನ್ನು ನೋಡುತ್ತಿದ್ದರು. ರಿವರ್ಸ್ ಹೋಗುವ ಅಂಕಲ್ ಅವರಿಗೆ ಅದೇ ಮೊದಲು.

ಆ ರಾತ್ರಿ ಮಗಳು ಫೋನಿನಲ್ಲಿ ಒಂದು ಹಳೆಯ ಸುದ್ದಿ ತೋರಿಸಿದಳು. ಉಡುಪಿಯ ಗಂಗಾಧರ ಕಡೆಕಾರ್ ಅವರು, ಅರವತ್ತೈದರ ಆಚೀಚಿನ ಪ್ರಾಯದಲ್ಲಿ, ಕಾಲಿಗೆ ಸರಪಳಿ ಬಿಗಿದುಕೊಂಡು ಪದ್ಮಾಸನ ಹಾಕಿ, ಕಡಲಿನಲ್ಲಿ ಒಂದು ಕಿಲೋಮೀಟರಿಗೂ ಜಾಸ್ತಿ ಈಜಿದ್ದಾರೆ. "ನೋಡಿ ಪಪ್ಪಾ, ಸ್ಫೂರ್ತಿ ಬರ್ತದೆ" ಅಂದಳು. ನನಗೆ ಬಂದದ್ದು ಬೇರೆ ವಿಚಾರ. ನನಗೂ ಕಾಲು ಕಟ್ಟಿಬಿಟ್ಟರೆ ಹೇಗೆ? ಕಡೇ ಪಕ್ಷ ಹಿಂದೆ ಹೋಗುವುದು ನಿಲ್ಲುತ್ತದೆ.

ಬೆಳಗಿನ ಈಜು ಬೆಳಿಗ್ಗೆಯೇ ಮುಗಿಯುವುದಿಲ್ಲ. ಕಣ್ಣಿನ ಸುತ್ತ ಗಾಗಲ್ಸಿನ ಗುರುತು. ಮಕ್ಕಳ ಮುಖದಲ್ಲಿ ಅದು ಹತ್ತು ನಿಮಿಷಕ್ಕೆ ಹೋಗುತ್ತದೆ. ನನ್ನ ಚರ್ಮಕ್ಕೆ ಅಷ್ಟು ಅರ್ಜೆಂಟಿಲ್ಲ. ಹನ್ನೊಂದು ಗಂಟೆಗೂ ಎರಡು ಕೆಂಪು ಉಂಗುರ ಹಾಗೇ ಇರುತ್ತಿದ್ದವು. ಪಿಂಚಣಿಗೆ ಬರುವ ಹಿರಿಯರೊಬ್ಬರು ಮೂರು ದಿನ ನೋಡಿ, ನಾಲ್ಕನೇ ದಿನ ಕೌಂಟರಿನ ಗಾಜಿಗೆ ಬಗ್ಗಿ, "ಮನೆಯಲ್ಲಿ ಎಲ್ಲ ಸೌಖ್ಯವಾ?" ಅಂತ ಮೆಲ್ಲಗೆ ಕೇಳಿದರು. ಭುಜದ ನೋವಿಗೆ ಮೇಲಿನ ಕಪಾಟಿನ ಫೈಲ್ ಎಟಕುತ್ತಿರಲಿಲ್ಲ. ಇನ್ನು ಕಿವಿಯ ನೀರು. ಒಂದು ಕಾಲಿನಲ್ಲಿ ಕುಣಿದರೂ, ತಲೆ ಓರೆ ಮಾಡಿ ಬಡಿದರೂ ಹೋಗಲಿಲ್ಲ. ಹೋದದ್ದು ವಲಯ ಕಚೇರಿಯ ಮೀಟಿಂಗಿನಲ್ಲಿ. ಸಾಲ ವಸೂಲಿ ಯಾಕೆ ಆಗಿಲ್ಲ ಅಂತ ಸಾಹೇಬರು ಜೋರು ಮಾಡುತ್ತಿದ್ದಾಗ, ಬಲಗಿವಿಯೊಳಗಿಂದ ಬೆಚ್ಚಗೆ ಇಳಿಯಿತು. ಆ ಸುಖಕ್ಕೆ ನನ್ನ ಮುಖ ಅರಳಿತು. "ನಗುವಂಥದ್ದು ಎಂತ ಉಂಟು ಇದರಲ್ಲಿ?" ಅಂತ ಕೇಳಿದರು. ಏನಂತ ಹೇಳುವುದು?

ವಾಸನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕೊಳದ ಆ ಘಾಟು ಬರೀ ಕ್ಲೋರಿನ್‌ದು ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಕ್ಲೋರಿನ್ ನಮ್ಮ ಬೆವರು, ಮೂತ್ರದ ಜೊತೆ ಸೇರಿದಾಗ ಹುಟ್ಟುವ ಪದಾರ್ಥದ ವಾಸನೆ ಅದು. ಇದು ಗೊತ್ತಾದ ಮೇಲೆ ಇಳಿಯುವ ಮೊದಲು ಶವರ್ ತಪ್ಪಿಸುವುದಿಲ್ಲ. ನಾಲ್ಕನೇ ಲೇನಿನಲ್ಲಿ ಬಾಯಿಯನ್ನೂ ಅಗತ್ಯಕ್ಕಿಂತ ಜಾಸ್ತಿ ತೆರೆಯುವುದಿಲ್ಲ.

ಇನ್ನು ಹಸಿವು. ಕೊಳದಿಂದ ಹೊರಗೆ ಬಂದಾಗ ಹುಟ್ಟುವ ಹಸಿವು ಸಾಮಾನ್ಯದ್ದಲ್ಲ. ನಾನು ಮನೆಗೆ ಬರುವ ದಾರಿಯಲ್ಲಿ ಒಂದು ಹೋಟೆಲಿದೆ, ಆ ಹೊತ್ತಿಗೇ ಅಲ್ಲಿ ಬಿಸಿ ಬನ್ಸ್ ಎಣ್ಣೆಯಿಂದ ಮೇಲೇಳುತ್ತವೆ. ಬಾಳೆಹಣ್ಣಿನ ಸಿಹಿ, ಜೀರಿಗೆಯ ಪರಿಮಳ. ಒಂದು ಪ್ಲೇಟಿಗೆ ಎರಡು. ಮೊದಲ ಪ್ಲೇಟ್ ಈಜಿದ್ದಕ್ಕೆ, ಎರಡನೆಯದು ನಾಳೆ ಈಜಲಿಕ್ಕೆ. ತಿಂಗಳಾದ ಮೇಲೆ ತೂಕ ನೋಡಿದರೆ ಒಂದೂಕಾಲು ಕಿಲೋ ಏರಿತ್ತು. "ಅದು ಮಸಲ್" ಅಂದೆ. "ಬನ್ಸ್‌ನ ಮಸಲಾ?" ಅಂದಳು ಹೆಂಡತಿ. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಮಂಗಳೂರು ದೊಡ್ಡ ಊರು ಅನ್ನುವುದೆಲ್ಲ ಸುಳ್ಳು.

ಎರಡನೇ ತಿಂಗಳು 400 ಮೀಟರ್ ನಿಲ್ಲದೆ ಈಜುವ ಪರೀಕ್ಷೆ. ನಮ್ಮ ಕೊಳದಲ್ಲಿ ಹದಿನಾರು ದಾಟು. ಒಂದು ರೂಪಾಯಿ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟರವರೆಗೆ ಕೂರುವ ಮನುಷ್ಯ ನಾನು. ಆದರೆ ನೀರಿನಲ್ಲಿ ಲೆಕ್ಕ ನಿಲ್ಲುವುದಿಲ್ಲ. ಏಳಾ ಎಂಟಾ ಅಂತ ಸಂಶಯ ಬಂದಾಗೆಲ್ಲ ಎಂಟು ಅಂತ ತೀರ್ಮಾನ ಮಾಡಿದೆ. ಹತ್ತಾ ಹನ್ನೊಂದಾ? ಹನ್ನೊಂದು. ಕೊನೆಗೆ ಹದಿನಾರು ಮುಗಿಸಿ, ಗೋಡೆ ಹಿಡಿದು, ವಿಜಯದಿಂದ ಗಾಗಲ್ಸ್ ಎತ್ತಿದೆ. ಈ ಸಲ ನಿಜವಾಗಿಯೂ ನೀರು ಹೋಗಿತ್ತು.

ಲೇನಿನ ಪುಟ್ಟ ಹುಡುಗಿ ಹಗ್ಗಕ್ಕೆ ಜೋತುಬಿದ್ದು ಹೇಳಿದಳು, "ಅಂಕಲ್, ನಿಮ್ಮದು ಹದಿಮೂರೇ ಆದದ್ದು."

"ಇಲ್ಲ ಮಗಾ, ಹದಿನಾರು."

"ಹದಿಮೂರಾದರೆ ಮಾತ್ರ ಈ ಬದಿಗೆ ಬರುವುದು. ಹದಿನಾರಾದರೆ ಹೊರಟ ಬದಿಯಲ್ಲೇ ಇರಬೇಕಿತ್ತಲ್ಲ?"

ಇಂಥ ಆಡಿಟರ್ ನಮ್ಮ ಬ್ಯಾಂಕಿಗೂ ಬಂದಿಲ್ಲ. ಸುಮ್ಮನೆ ತಿರುಗಿ ಇನ್ನೂ ಮೂರು ದಾಟಿದೆ.

ಮಾವನಿಗೆ ಫೋನ್ ಮಾಡಿ ಜಗಳ ತೆಗೆದೆ. "ಈಜು ಮರೆಯುವುದಿಲ್ಲ ಅಂದಿರಲ್ಲ?"

"ನಾನು ಹೇಳಿದ್ದು ಮುಳುಗುವುದಿಲ್ಲ ಅಂತ" ಅಂದರು. "ಸ್ಪೀಡಿನ ಗ್ಯಾರಂಟಿ ಯಾರು ಕೊಟ್ಟದ್ದು? ತೆಂಗಿನಕಾಯಿ ಬೇಕಾದರೆ ಹೇಳು, ಕಳಿಸುತ್ತೇನೆ."

ಜೂನ್ ಬಂತು. ಮಳೆ ಅಂದರೆ ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ಲ. ಬೆಳಿಗ್ಗೆ ಐದೂವರೆಗೆ ಆಕಾಶ ತೂತಾಗಿತ್ತು. ಇವತ್ತು ಬೇಡ ಅಂತ ಮಗ್ಗುಲು ಬದಲಿಸಿದರೆ, ಹಾಗೆ ಮಗ್ಗುಲು ಬದಲಿಸಿಯೇ ಇಪ್ಪತ್ತೆರಡು ವರ್ಷ ಹೋದದ್ದು ನೆನಪಾಯಿತು. ಎದ್ದೆ. ರೈನ್‌ಕೋಟ್ ಹಾಕಿ, ಪ್ಯಾಂಟ್ ಮಡಚಿ, ಟವೆಲನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೈಗೆ ಒಂದು ಹನಿಯೂ ತಾಗದ ಹಾಗೆ ತಯಾರಾಗಿ ಗೇಟಿಗೆ ಬಂದೆ. ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಪಕ್ಕದ ಮನೆಯವರು ಕೊಡೆ ಹಿಡಿದು ಹಾಲಿನ ಪ್ಯಾಕೆಟಿಗೆ ಕಾಯುತ್ತಾ ನಿಂತಿದ್ದರು.

"ಈ ಮಳೆಗೆ ಎಲ್ಲಿಗೆ ಮಾರಾಯ್ರೆ?"

"ಈಜಲಿಕ್ಕೆ."

ಅವರು ನನ್ನನ್ನು ನೋಡಿದರು. ರಸ್ತೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಅದಕ್ಕೆ ಅಲ್ಲಿಯವರೆಗೆ ಹೋಗಬೇಕಾ?"